ಕಂಕುಳಿನ ಹುಣ್ಣಿಗೆ ಬೊಟಾಕ್ಸ್ ಅಂದರೆ ಏನರ್ಥ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಊರು ಕಾಪು, ಮಂಗಳೂರಿನ ಒಂದು ಸಹಕಾರಿ ಸಂಘದಲ್ಲಿ ಕ್ಯಾಶಿಯರ್. ಹತ್ತು ವರ್ಷದಿಂದ ಎರಡೂ ಕಂಕುಳು ಮತ್ತು ತೊಡೆಸಂದಿಯಲ್ಲಿ ಚರ್ಮ ಬಿರಿದು, ರಸ ಸೋರಿ, ಉರಿಯುತ್ತದೆ. ಸೆಕೆಗಾಲದಲ್ಲಿ ನಡೆಯುವುದೂ ಕಷ್ಟ. 72 ವರ್ಷದ ತಂದೆಯವರಿಗೂ ಇದೇ ತೊಂದರೆ ಇದೆ. ಎಲ್ಲರೂ ಫಂಗಸ್ ಅಂತ ಹೇಳಿ ಮುಲಾಮು ಕೊಟ್ಟರು. ಕಳೆದ ವರ್ಷ ಚರ್ಮದ ತುಣುಕು ತೆಗೆದು ಪರೀಕ್ಷೆ ಮಾಡಿದಾಗ ‘ಹೇಲಿ-ಹೇಲಿ’ ಅಂತ ಗೊತ್ತಾಯಿತು. ಈಗ ವೈದ್ಯರು ಕಂಕುಳಿಗೆ ಬೊಟಾಕ್ಸ್ ಹಾಕಿ ನೋಡೋಣ ಅನ್ನುತ್ತಿದ್ದಾರೆ. ಅದು ಸಿನಿಮಾದವರು ಸುಕ್ಕಿಗೆ ಹಾಕಿಸಿಕೊಳ್ಳುವುದು ಅಲ್ವಾ? ವಿಷ ಅಂತಲೂ ಓದಿದ್ದೇನೆ. ಬೆವರು ನಿಲ್ಲಿಸಿದರೆ ಅದು ಒಳಗೇ ಉಳಿದು ಬೇರೆ ತೊಂದರೆ ಆಗುವುದಿಲ್ಲವಾ? ಪಿಯುಸಿ ಓದುವ ಮಗಳಿಗೆ ಅಂಗೈ ಬೆವರಿ ಉತ್ತರ ಪತ್ರಿಕೆಯೇ ಒದ್ದೆಯಾಗುತ್ತದೆ. ಅವಳಿಗೂ ಇದನ್ನೇ ಹಾಕಿಸಬಹುದಾ? ತಂದೆಯವರಿಗೆ?

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ವಿಚಿತ್ರ ಸಲಹೆ ಏನಲ್ಲ. ಆದರೆ ಕಣ್ಣು ಮುಚ್ಚಿ ‘ಹಾಕಿಸಿ’ ಅನ್ನುವಂಥದ್ದೂ ಅಲ್ಲ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಇದನ್ನು 1939ರಲ್ಲಿ ಅಮೆರಿಕದ ಇಬ್ಬರು ವೈದ್ಯರು ವಿವರಿಸಿದರು. ಅವರು ಅಣ್ಣತಮ್ಮಂದಿರು, ಇಬ್ಬರದೂ ಒಂದೇ ಮನೆತನದ ಹೆಸರು. ಹಾಗಾಗಿ ‘ಹೇಲಿ-ಹೇಲಿ’. ನಮ್ಮ ಕಡೆಯ ಮುರಕಲ್ಲಿನ ಗೋಡೆ ನೆನಪಿಸಿಕೊಳ್ಳಿ. ಕಲ್ಲು ಗಟ್ಟಿ ಇದೆ, ನಡುವಿನ ಗಾರೆ ಮಾತ್ರ ಉದುರಿದೆ. ನಿಮ್ಮ ಚರ್ಮದ ಮೇಲ್ಪದರದಲ್ಲೂ ಹಾಗೆಯೇ, ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಸಡಿಲ. ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡುವವರು ‘ಶಿಥಿಲವಾದ ಇಟ್ಟಿಗೆ ಗೋಡೆ’ ಅಂತಲೇ ಬರೆಯುತ್ತಾರೆ. ಕಾರಣ ಕ್ಯಾಲ್ಸಿಯಂ ಸಾಗಿಸುವ ಒಂದು ಜೀನಿನ ದೋಷ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂಟುರೋಗ ಅಲ್ಲ. ಒಂದೇ ಬೈರಾಸಿನಲ್ಲಿ ಮೈ ಒರೆಸಿಕೊಂಡರೂ ಹೆಂಡತಿಗೆ ಬರುವುದಿಲ್ಲ. ಇದನ್ನು ಯಾಕೆ ಬರೆಯುತ್ತೇನೆ ಅಂದರೆ, ಹೆಚ್ಚಿನವರು ಈ ಪ್ರಶ್ನೆಯನ್ನು ನಾಚಿಕೊಂಡು ಕೇಳುವುದೇ ಇಲ್ಲ.

ಜೀನ್ ಹುಟ್ಟಿನಿಂದಲೇ ಇದೆ. ಹಾಗಾದರೆ ಹುಣ್ಣು ಯಾಕೆ ಕಂಕುಳಲ್ಲೇ, ಅದೂ ಸೆಕೆಯಲ್ಲೇ ಜಾಸ್ತಿ? ಅಲ್ಲಿ ಬೆವರು ಇದೆ, ಚರ್ಮಕ್ಕೆ ಚರ್ಮ ಉಜ್ಜುತ್ತದೆ. ಒದ್ದೆಯಾದ ಚರ್ಮ ಮೆತ್ತಗಾಗುತ್ತದೆ, ಮೆತ್ತಗಾದದ್ದು ಉಜ್ಜಿ ಬಿರಿಯುತ್ತದೆ, ಬಿರುಕಿಗೆ ಬ್ಯಾಕ್ಟೀರಿಯಾ, ಫಂಗಸ್ ಸೇರಿಕೊಳ್ಳುತ್ತವೆ. ವಾಸನೆ ಬರುವುದು ಅದರಿಂದ. ಮಾರ್ಚ್‌ನಲ್ಲಿ ಶುರುವಾಗಿ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವವರೆಗೆ ನಮ್ಮ ಕರಾವಳಿಯಲ್ಲಿ ಸುಮ್ನೆ ಕೂತರೂ ಅಂಗಿ ಒದ್ದೆ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಹೇಲಿ-ಹೇಲಿ ಇರುವವರಿಗೆ ಇದಕ್ಕಿಂತ ಕಷ್ಟದ ಊರು ಸಿಗುವುದು ಕಷ್ಟ.

ಬೊಟಾಕ್ಸ್‌ನ ಮಾತು ಬರುವುದು ಇಲ್ಲಿ. ಅದು ಸುಕ್ಕಿನ ಮದ್ದು ಅಂತ ಪ್ರಸಿದ್ಧಿಗೆ ಬಂದಿತು, ನಿಜ. ಆದರೆ ಈ ವಿಷ ಬೆವರನ್ನು ಒಣಗಿಸುತ್ತದೆ ಅಂತ ಸುಕ್ಕಿನ ಕಥೆಗಿಂತ ಬಹಳ ಮೊದಲೇ ಗೊತ್ತಿತ್ತು. 1820ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಜಸ್ಟಿನಸ್ ಕರ್ನರ್ ಅನ್ನುವ ವೈದ್ಯ ಇದ್ದ. ಕವಿ ಕೂಡ. ಕೆಟ್ಟ ಸಾಸೇಜ್ ತಿಂದು ಸಾಯುತ್ತಿದ್ದವರನ್ನು ಅವನು ಕೂಲಂಕಷವಾಗಿ ನೋಡಿ ಬರೆದಿಟ್ಟ. ಅವರ ಸ್ನಾಯು ಸೋಲುವುದರ ಜೊತೆಗೆ ಬಾಯಿ ಒಣಗುತ್ತದೆ, ಕಣ್ಣೀರು ಬತ್ತುತ್ತದೆ, ಬೆವರು ನಿಲ್ಲುತ್ತದೆ ಅಂತ ಗಮನಿಸಿದ. ಆ ವಿಷವನ್ನು ತನ್ನ ಮೇಲೇ ಪ್ರಯೋಗ ಮಾಡಿಯೂ ನೋಡಿದ! ಮುಂದೊಂದು ದಿನ ಇದೇ ಮದ್ದಾಗಬಹುದು ಅಂತಲೂ ಬರೆದ. ಲ್ಯಾಟಿನ್‌ನಲ್ಲಿ ‘ಬೊಟುಲಸ್’ ಅಂದರೆ ಸಾಸೇಜ್. ಹೆಸರು ಬಂದದ್ದು ಅಲ್ಲಿಂದ. (ಮನೆಯ ಮಾವಿನ ಉಪ್ಪಿನಕಾಯಿ ಬಗ್ಗೆ ಹೆದರಬೇಡಿ. ಅಷ್ಟು ಹುಳಿ, ಉಪ್ಪು ಇರುವಲ್ಲಿ ಈ ವಿಷ ಮಾಡುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.)

ಇದು ಕೆಲಸ ಮಾಡುವ ರೀತಿ ಸರಳ. ನಮ್ಮ ಸಿಟಿ ಬಸ್ಸಿನಲ್ಲಿ ಡ್ರೈವರ್ ಇದ್ದಾನೆ, ಎಂಜಿನ್ ಓಡುತ್ತಿದೆ, ಆದರೆ ಕಂಡಕ್ಟರ್ ವಿಸಿಲ್ ಊದಿ ‘ರೈಟ್ ಪೋಯಿ’ ಅನ್ನದೆ ಬಸ್ ಕದಲುವುದಿಲ್ಲ. ಬೆವರಿನ ಗ್ರಂಥಿಗೆ ನರದ ತುದಿಯಿಂದ ಬರುವ ವಿಸಿಲ್ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ. ಸ್ನಾಯುವಿಗೂ ಅದೇ ವಿಸಿಲ್. ಬೊಟುಲಿನಮ್ ಟಾಕ್ಸಿನ್, ಅಂದರೆ ಬೊಟಾಕ್ಸ್‌ನಲ್ಲಿರುವ ವಿಷ, ಆ ರಾಸಾಯನಿಕ ನರದಿಂದ ಹೊರಬರದ ಹಾಗೆ ಮಾಡುತ್ತದೆ. ಗ್ರಂಥಿ ಹಾಳಾಗುವುದಿಲ್ಲ, ನರ ಸಾಯುವುದಿಲ್ಲ. ಕೆಲವು ತಿಂಗಳಲ್ಲಿ ನರದ ತುದಿ ಚೇತರಿಸಿಕೊಂಡು ಮತ್ತೆ ಊದಲು ಶುರು ಮಾಡುತ್ತದೆ. ಲಾಭವೂ ಅಲ್ಲಿಗೆ ಮುಗಿಯಿತು, ಅಡ್ಡಪರಿಣಾಮ ಏನಾದರೂ ಇದ್ದರೆ ಅದೂ ಮುಗಿಯಿತು.

ಈಗ ನಿಮ್ಮ ಒಳ್ಳೆಯ ಪ್ರಶ್ನೆಗೆ ಬರುತ್ತೇನೆ: ಬೆವರು ಒಳಗೇ ಉಳಿಯುವುದಿಲ್ಲವಾ? ಇಲ್ಲ. ಇದು ನಲ್ಲಿ ಕಟ್ಟಿ ಟ್ಯಾಂಕ್ ತುಂಬಿಸುವ ಹಾಗಲ್ಲ, ಪಂಪ್ ಆಫ್ ಮಾಡುವ ಹಾಗೆ. ಬೆವರು ಹುಟ್ಟುವುದೇ ಇಲ್ಲ. ಮೈಮೇಲೆ ಬೆವರಿನ ಗ್ರಂಥಿಗಳು ಲಕ್ಷಗಟ್ಟಲೆ ಇವೆ. ಎರಡು ಕಂಕುಳಿನವು ರಜೆ ಹಾಕಿದರೆ ಮೈ ತಂಪು ಮಾಡುವ ಕೆಲಸ ನಿಲ್ಲುವುದಿಲ್ಲ.

ವಿಷ ಹೌದಾ? ಹೌದು, ಗೊತ್ತಿರುವ ವಿಷಗಳಲ್ಲೇ ಅತಿ ಪ್ರಬಲವಾದದ್ದು. ಆದರೆ 100 ಯೂನಿಟ್‌ನ ಒಂದು ಬಾಟಲಿಯಲ್ಲಿ ಇರುವುದು ಒಂದು ಗ್ರಾಂನ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಚರ್ಮದೊಳಗೆ ಹಾಕಿದ್ದು ಹೆಚ್ಚಾಗಿ ಅಲ್ಲೇ ಉಳಿಯುತ್ತದೆ. ದೂರಕ್ಕೆ ಹರಡಿ ನುಂಗಲು, ಉಸಿರಾಡಲು ಕಷ್ಟವಾದ ಪ್ರಕರಣಗಳು ಅಪರೂಪಕ್ಕೆ ಆಗಿವೆ. ಅದಕ್ಕೇ 2009ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಗಳ ಮೇಲೆ ದಪ್ಪ ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಇಂಜೆಕ್ಷನ್ ಆದ ಮೇಲಿನ ದಿನಗಳಲ್ಲಿ ಸ್ವರ ಬದಲಾದರೆ, ನುಂಗಲು ತೊಡಕಾದರೆ, ರೆಪ್ಪೆ ಜೋತರೆ ಮರುದಿನದವರೆಗೆ ಕಾಯುವ ಮಾತಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಬೊಟಾಕ್ಸ್‌ಗೆ ಚರ್ಮರೋಗದಲ್ಲಿ ಎಲ್ಲೆಲ್ಲೋ ಹೊಸ ಉಪಯೋಗ ಹೇಳುತ್ತಿದ್ದಾರೆ. ಪ್ರತಿ ಸಲ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಕಾಯಿಲೆಯಲ್ಲಿ ಬೆವರಿನ ಪಾಲೆಷ್ಟು? ಬೆವರೇ ಖಳನಾಯಕ ಆಗಿದ್ದರೆ ಈ ಮದ್ದಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಬೆವರು ಕಥೆಯಲ್ಲೇ ಇಲ್ಲ ಅಂದರೆ ಅನುಮಾನ ಜಾಸ್ತಿ.

ಕಂಕುಳಿನ ಅತಿಬೆವರು ಈ ಲೆಕ್ಕದಲ್ಲಿ ಮೊದಲನೆಯದು. ಹುಬ್ಬಿನ ನಡುವಿನ ಗೆರೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಕಂಕುಳಿನ ಅತಿಬೆವರಿಗೆ 2004ರಲ್ಲಿ. ಒಂದೊಂದು ಕಂಕುಳಿಗೆ 50 ಯೂನಿಟ್, ಹತ್ತು ಹದಿನೈದು ಕಡೆ ಸಣ್ಣ ಸಣ್ಣ ಚುಚ್ಚು. ಅರ್ಧ ವರ್ಷದಷ್ಟು ಕಾಲ ಒಣಗಿರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಇದರಲ್ಲಿ ಪ್ರಯೋಗ ಅನ್ನುವುದೇನೂ ಉಳಿದಿಲ್ಲ.

ಹೇಲಿ-ಹೇಲಿ ಎರಡನೆಯ ಮೆಟ್ಟಿಲಲ್ಲಿದೆ. 2000ದಲ್ಲಿ ಕಂಕುಳಿನ ಹೇಲಿ-ಹೇಲಿಗೆ ಇದನ್ನು ಹಾಕಿ ಫಲ ಕಂಡ ವರದಿ ಬಂತು. ಆಮೇಲೆ ಬೇರೆ ಬೇರೆ ದೇಶಗಳಿಂದ ಅಂಥದ್ದೇ ವರದಿಗಳು, ಸಣ್ಣ ಗುಂಪುಗಳ ಅನುಭವ. ಹುಣ್ಣು ಒಣಗಿತು, ತಿಂಗಳುಗಟ್ಟಲೆ ಮರಳಲಿಲ್ಲ ಅಂತ ಹಲವರು ಬರೆದಿದ್ದಾರೆ. ನಾನು ಹಾಕಿದ ಕೆಲವರಲ್ಲೂ ಕಂಕುಳು ಚೆನ್ನಾಗಿ ಸುಧಾರಿಸಿದ್ದನ್ನು ನೋಡಿದ್ದೇನೆ, ಏನೂ ಆಗದವರನ್ನೂ ನೋಡಿದ್ದೇನೆ. ಒಂದು ವಿಷಯ ತಿಳಿದಿರಲಿ: ಗುಣವಾದವರ ಕಥೆಯನ್ನು ವೈದ್ಯರು ಖುಷಿಯಿಂದ ಬರೆದು ಕಳಿಸುತ್ತಾರೆ, ಗುಣವಾಗದವರದು ಫೈಲಿನಲ್ಲೇ ಉಳಿಯುತ್ತದೆ. ಇನ್ನೊಂದು, ಟಾಕ್ಸಿನ್ ಗಾರೆಯನ್ನು ರಿಪೇರಿ ಮಾಡುವುದಿಲ್ಲ. ಗೋಡೆಗೆ ನೀರು ಬೀಳುವುದನ್ನು ತಪ್ಪಿಸುತ್ತದೆ ಅಷ್ಟೆ. ಔಷಧಿಯ ಅಧಿಕೃತ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿಲ್ಲ. ಪಟ್ಟಿಯ ಹೊರಗಿನ ಉಪಯೋಗ ಚರ್ಮರೋಗದಲ್ಲಿ ದಿನವೂ ನಡೆಯುವಂಥದ್ದೇ, ಆದರೆ ಅದನ್ನು ನಿಮಗೆ ಬಿಡಿಸಿ ಹೇಳಿ ಒಪ್ಪಿಗೆ ಪತ್ರ ತೆಗೆದುಕೊಳ್ಳಬೇಕು.

ಹಾಕಿಸುವ ಮೊದಲು ಎರಡು ಕೆಲಸ ಆಗಿರಬೇಕು. ಸೋಂಕು ಇದ್ದರೆ ಅದು ಪೂರ್ತಿ ಇಳಿಯಬೇಕು, ಕೀವು ಇರುವ ಚರ್ಮಕ್ಕೆ ಸೂಜಿ ಹಾಕುವಂತಿಲ್ಲ. ಇನ್ನೊಂದು, ಸರಳ ಮದ್ದುಗಳನ್ನು ಸರಿಯಾಗಿ ಮಾಡಿ ನೋಡಿರಬೇಕು: ವೈದ್ಯರು ಹೇಳಿದಷ್ಟೇ ದಿನ ಸ್ಟೀರಾಯ್ಡ್ ಮುಲಾಮು, ಆಮೇಲೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು, ಕ್ಲಿಂಡಾಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಲೋಷನ್, ಉಲ್ಬಣಿಸಿದಾಗ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಮಾತ್ರೆ. ಹತ್ತು ವರ್ಷ ‘ಫಂಗಸ್’ ಮುಲಾಮು ಹಚ್ಚಿದೆ ಅಂದಿರಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಗಜಕರ್ಣದ ಟ್ಯೂಬುಗಳಲ್ಲಿ ಫಂಗಸ್ ಮದ್ದು, ಆ್ಯಂಟಿಬಯಾಟಿಕ್, ಜೋರಿನ ಸ್ಟೀರಾಯ್ಡ್ ಮೂರೂ ಬೆರೆತಿರುತ್ತವೆ. ನಾಲ್ಕು ದಿನ ಹಾಯೆನಿಸುತ್ತದೆ. ವರ್ಷಗಟ್ಟಲೆ ಹಚ್ಚಿದರೆ ಸಂದಿಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ನಿಮ್ಮ ಬಿರುಕಿನಲ್ಲಿ ಅದರ ಪಾಲೂ ಇರಬಹುದು. ಒಮ್ಮೆ ತೋರಿಸಿ ಕೇಳಿ.

ಇಂಜೆಕ್ಷನ್ ದಿನ ನಿಮ್ಮ ಕಂಕುಳಿಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಮೇಲಿನಿಂದ ಕಾರ್ನ್‌ಫ್ಲೋರ್ ಉದುರಿಸಬಹುದು. ಬೆವರು ಬರುವ ಜಾಗ ಮಾತ್ರ ಕಪ್ಪುನೀಲಿಯಾಗುತ್ತದೆ. ಆ ನಕ್ಷೆ ನೋಡಿ ಪೆನ್ನಿನಲ್ಲಿ ಚುಕ್ಕಿ ಇಟ್ಟು ಚುಚ್ಚುವುದು. ಬಿರಿದ ಚರ್ಮಕ್ಕೆ ಅಯೋಡಿನ್ ಉರಿಯುವುದರಿಂದ ಕೆಲವರು ಈ ಪರೀಕ್ಷೆ ಬಿಟ್ಟು ಅಂದಾಜಿನಲ್ಲೇ ಹಾಕುತ್ತಾರೆ, ಅದು ತಪ್ಪಲ್ಲ. ಫಲ ಗೊತ್ತಾಗಲು ಒಂದೆರಡು ವಾರ ಬೇಕು. ಫೆಬ್ರವರಿ ಕೊನೆಗೆ ಹಾಕಿಸಿಕೊಂಡರೆ ಸೆಕೆಗಾಲ ಪೂರ್ತಿ ಅದರ ನೆರಳಲ್ಲಿ ದಾಟಬಹುದು. ಮೇ ತಿಂಗಳಲ್ಲಿ ಹುಣ್ಣು ಸೋರುವಾಗ ಓಡಿ ಬಂದರೆ ಮೊದಲು ಸೋಂಕು ಇಳಿಸುವುದರಲ್ಲೇ ಮಳೆ ಬಂದಿರುತ್ತದೆ. ತೊಡೆಸಂದಿಗೆ ಈಗಲೇ ಬೇಡ. ಅಲ್ಲಿ ಜಾಗ ದೊಡ್ಡದು, ಯೂನಿಟ್ ಹೆಚ್ಚು, ನೋವೂ ಹೆಚ್ಚು, ಖರ್ಚಂತೂ ಕೇಳುವುದೇ ಬೇಡ. ಕಂಕುಳಲ್ಲಿ ಫಲ ಕಂಡರೆ ಆಮೇಲೆ ಯೋಚಿಸಿ. ಅಲ್ಲಿಯವರೆಗೆ ಆಫೀಸಿನಿಂದ ಬಂದ ಕೂಡಲೇ ಬಿಗಿ ಪ್ಯಾಂಟ್ ಬಿಟ್ಟು ಹತ್ತಿಯ ಲುಂಗಿ ಉಟ್ಟುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ಉಜ್ಜುವುದು ತಪ್ಪಿದರೇ ಅರ್ಧ ಕೆಲಸ ಆಗುತ್ತದೆ.

ಖರ್ಚಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಇದು ಪುಡಿಯ ರೂಪದಲ್ಲಿ ಬರುವ ಔಷಧಿ. ಫ್ರಿಜ್‌ನಲ್ಲಿಟ್ಟು, ಹಾಕುವಾಗ ಸಲೈನ್ ಬೆರೆಸುತ್ತಾರೆ. ಎರಡು ಕಂಕುಳಿಗೆ 100 ಯೂನಿಟ್‌ನ ಒಂದು ಬಾಟಲಿ ಸರಿಯಾಗಿ ಮುಗಿಯುತ್ತದೆ. ಹೊಸ ಬಾಟಲಿಯನ್ನು ನಿಮ್ಮೆದುರೇ ತೆರೆಯಲಿ, ಬಿಲ್ಲಿನಲ್ಲಿ ಬ್ರ್ಯಾಂಡ್ ಮತ್ತು ಬ್ಯಾಚ್ ನಂಬರ್ ಇರಲಿ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ. ಹಾಗಾಗಿ ‘ಅಲ್ಲಿ ಇಷ್ಟಕ್ಕೆ ಇಷ್ಟು ಯೂನಿಟ್ ಹಾಕುತ್ತಾರೆ’ ಅನ್ನುವ ಹೋಲಿಕೆಗೆ ಅರ್ಥ ಇಲ್ಲ. ಕಡಿಮೆ ಬೆಲೆಗೆ ಹಾಕುವ ಪಾರ್ಲರ್‌ಗಳ ಕಡೆ ತಲೆ ಹಾಕಬೇಡಿ. 2024ರಲ್ಲಿ ಅಮೆರಿಕದಲ್ಲೇ ನಕಲಿ ಬೊಟಾಕ್ಸ್‌ನಿಂದ ಜನ ಆಸ್ಪತ್ರೆ ಸೇರಿದರು. ಅಂದ ಹಾಗೆ, ಪಾರ್ಲರ್ ಬೋರ್ಡಿನಲ್ಲಿ ಕಾಣುವ ‘ಹೇರ್ ಬೊಟಾಕ್ಸ್’ನಲ್ಲಿ ಬೊಟುಲಿನಮ್ ಒಂದು ಕಣವೂ ಇಲ್ಲ. ಅದು ಕೂದಲಿಗೆ ಹಚ್ಚುವ ಕಂಡೀಷನರ್.

ನಿಮ್ಮ ವೈದ್ಯರು ಬೇರೆ ಉಪಯೋಗಗಳನ್ನೂ ಹೇಳಿರಬಹುದು, ಹಾಗಾಗಿ ನನ್ನ ಬೆವರಿನ ಅಳತೆಗೋಲನ್ನು ಅವುಗಳ ಮೇಲೂ ಇಟ್ಟು ನೋಡುತ್ತೇನೆ. ಸಂದಿಗಳಲ್ಲೇ ಬರುವ ಸೋರಿಯಾಸಿಸ್, ಅಂಗೈಯಲ್ಲಿ ಸಾಬಕ್ಕಿಯಂಥ ನೀರುಗುಳ್ಳೆ ಏಳುವ ಎಕ್ಸಿಮಾ, ಅಂಗಾಲಿನಲ್ಲಿ ಗುಳ್ಳೆ ಏಳುವ ಕೆಲವು ವಂಶವಾಹಿ ಕಾಯಿಲೆಗಳು, ಇವೆಲ್ಲದರಲ್ಲಿ ಬೆವರಿನ ಪಾಲು ಇದೆ. ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸುತ್ತವೆ. ಕೆನ್ನೆಯ ಲಾಲಾಗ್ರಂಥಿಯ ಆಪರೇಷನ್ ಆದ ಮೇಲೆ ಕೆಲವರಿಗೆ ಊಟಕ್ಕೆ ಕೂತ ಕೂಡಲೇ ಕೆನ್ನೆ ಬೆವರುತ್ತದೆ. ಕತ್ತರಿಸಿದ ನರ ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೆವರಿನ ಗ್ರಂಥಿಗೆ ಸೇರಿಕೊಂಡಿರುತ್ತದೆ. ಅದಕ್ಕೆ ಇದು ನಿಜಕ್ಕೂ ಒಳ್ಳೆಯ ಮದ್ದು.

ಬೆವರು ಇಲ್ಲದ ಕಡೆಯ ಕಥೆ ಮಿಶ್ರ. ಸರ್ಪಸುತ್ತು ಮಾಗಿದ ಮೇಲೂ ಉಳಿಯುವ ಉರಿನೋವಿಗೆ ಪ್ರಯೋಗಗಳು ಉಪಯೋಗ ತೋರಿಸಿವೆ. ಟಾಕ್ಸಿನ್ ನೋವಿನ ಸುದ್ದಿ ಒಯ್ಯುವ ರಾಸಾಯನಿಕಗಳನ್ನೂ ತಡೆಯುವುದರಿಂದ ಇದು ನನ್ನ ಅನುಮಾನಕ್ಕೆ ಒಂದು ಅಪವಾದ. ಆದರೆ ಬೆನ್ನಿನ ಒಂದೇ ಜಾಗದಲ್ಲಿ ಬಿಡದೆ ತುರಿಸುವ ಒಂದು ನರದ ತೊಂದರೆ ಇದೆ. ಮೊದಲ ವರದಿ ಬಂದಾಗ ನಾವೆಲ್ಲ ಖುಷಿಪಟ್ಟೆವು. ಮದ್ದಿಲ್ಲದ ಬರೀ ಸಲೈನ್ ಜೊತೆ ಹೋಲಿಸಿ 20 ಜನರಲ್ಲಿ ಪರೀಕ್ಷೆ ಮಾಡಿದಾಗ ವ್ಯತ್ಯಾಸವೇ ಕಾಣಲಿಲ್ಲ. ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮಾ ಕಾಯಿಲೆಯವರ ಬೆರಳು ಚಳಿಗೆ ನೀಲಿಗಟ್ಟುವುದಕ್ಕೂ ಹೀಗೇ ಆಯಿತು. 2017ರಲ್ಲಿ ಪ್ರಕಟವಾದ 40 ಜನರ ಪ್ರಯೋಗದಲ್ಲಿ ರಕ್ತದ ಹರಿವು ಅಂದುಕೊಂಡಂತೆ ಸುಧಾರಿಸಲಿಲ್ಲ. ಕೆಲಾಯ್ಡ್ ಗಾಯದ ಗಂಟಿಗೆ ಫಲಿತಾಂಶ ಒಮ್ಮೆ ಹೀಗೆ, ಒಮ್ಮೆ ಹಾಗೆ. ನಾನಂತೂ ಮೊದಲು ಹಳೆಯ ಸ್ಟೀರಾಯ್ಡ್ ಇಂಜೆಕ್ಷನ್ನನ್ನೇ ಹಾಕುತ್ತೇನೆ. ಮುಖದ ಎಣ್ಣೆ, ಕೆಂಪು, ಕೂದಲು ಉದುರುವುದು ಇವಕ್ಕೆ ಹಣ ಖರ್ಚು ಮಾಡುವ ಮೊದಲು ಮೂರು ಸಲ ಯೋಚಿಸಿ.

ಇನ್ನು ಮಗಳು. ಇದರಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ವರ್ಷಗಳ ಹಿಂದೆ ಮಲ್ಲಿಗೆ ಕಟ್ಟುವ ಒಬ್ಬ ಅಕ್ಕನಿಗೆ ಅಂಗೈ ಬೆವರು. ಬಾಳೆ ನಾರು ಜಾರುತ್ತದೆ, ಮೊಗ್ಗು ಕಂದುತ್ತದೆ ಅಂತ ಬಂದಿದ್ದರು. ಎರಡೂ ಅಂಗೈಗೆ ಹಾಕಿದೆ. ‘ಸ್ವಲ್ಪ ಬಲ ಕಮ್ಮಿಯಾದೀತು’ ಅಂತ ಬಾಯಿಮಾತಿಗೆ ಹೇಳಿದ್ದೆ. ಎರಡು ವಾರ ಬಿಟ್ಟು ಬಂದರು. ಅಂಗೈ ಹಪ್ಪಳದಷ್ಟು ಒಣಗಿತ್ತು. ಆದರೆ ಹೆಬ್ಬೆರಳು ತೋರುಬೆರಳು ಸೇರಿಸಿ ನಾರು ಬಿಗಿಯಲು ಆಗುತ್ತಿರಲಿಲ್ಲ. ಮಲ್ಲಿಗೆಗೆ ಒಳ್ಳೆಯ ರೇಟ್ ಇದ್ದ ಮದುವೆ ಸೀಸನ್ ಅದು. ಒಂದೂವರೆ ತಿಂಗಳು ಹೂವನ್ನು ಅವರ ಅತ್ತಿಗೆ ಕಟ್ಟಿಕೊಟ್ಟರು. ಬಲ ಪೂರ್ತಿ ವಾಪಸ್ ಬಂತು, ಅವರು ಬೈಯಲೂ ಇಲ್ಲ. ಆದರೂ ಕೈಯ ಕೆಲಸ ಏನು ಅಂತ ಮೊದಲೇ ಕೂತು ಮಾತಾಡದೆ ಸೂಜಿ ಎತ್ತಿದ್ದು ನನ್ನದೇ ತಪ್ಪು. ಅಂಗೈಯ ಚರ್ಮದ ಕೆಳಗೇ ಹೆಬ್ಬೆರಳಿನ ಸ್ನಾಯುಗಳಿವೆ, ವಿಸಿಲ್ ಎರಡಕ್ಕೂ ಒಂದೇ ಅಂತ ಮೇಲೆ ಹೇಳಿದೆನಲ್ಲ.

ಪರೀಕ್ಷೆ ಬರೆಯುವ ಹುಡುಗಿಗೆ ಪೆನ್ನಿನ ಹಿಡಿತ ಸಡಿಲವಾದರೆ ಒದ್ದೆ ಪೇಪರಿಗಿಂತ ಅದೇ ದೊಡ್ಡ ಸಮಸ್ಯೆ. ಅಂಗೈಗೆ ಚುಚ್ಚಿಸಿಕೊಳ್ಳುವ ನೋವೂ ಸಣ್ಣದಲ್ಲ, ಮಣಿಕಟ್ಟಿನಲ್ಲಿ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಬೇಕಾಗುತ್ತದೆ. ಹಾಗಾಗಿ ಅವಳಿಗೆ ಈಗ ಬೇಡ. ಎರಡೂ ಕೈ ಸಮ ಬೆವರುತ್ತದಾ, ಸಣ್ಣವಳಿದ್ದಾಗಿಂದ ಇದೆಯಾ, ನಿದ್ದೆಯಲ್ಲಿ ನಿಲ್ಲುತ್ತದಾ ನೋಡಿ. ಹೌದಾದರೆ ಸಾಮಾನ್ಯ ಅತಿಬೆವರು. ಇತ್ತೀಚೆಗೆ ಶುರುವಾಗಿದ್ದರೆ, ತೂಕ ಇಳಿದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಾತ್ರಿ ಕೈ ಚೆನ್ನಾಗಿ ಒಣಗಿಸಿ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಹಚ್ಚಿ, ಬೆಳಿಗ್ಗೆ ತೊಳೆಯುವುದು ಮೊದಲ ಹೆಜ್ಜೆ. ಸಾಕಾಗದಿದ್ದರೆ ಅಯಾನ್ಟೊಫೊರೆಸಿಸ್: ಎರಡು ಟ್ರೇ ನೀರಿನಲ್ಲಿ ಕೈ ಇಟ್ಟು ಸಣ್ಣ ಕರೆಂಟ್ ಹಾಯಿಸುವುದು, ಸುಮಾರು 20 ನಿಮಿಷ, ಶುರುವಿನಲ್ಲಿ ವಾರಕ್ಕೆ ಮೂರು ಸಲ. ಜುಮ್ಮೆನ್ನುತ್ತದೆ, ಅಷ್ಟೆ. ನಮ್ಮ ಕಡೆಯ ಹೆಚ್ಚಿನ ಬಾವಿಗಳ ನೀರು ಮೆದು. ಅದರಿಂದ ಫಲ ಕಾಣದಿದ್ದರೆ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಬೆವರು ತಗ್ಗಿಸುವ ಗ್ಲೈಕೋಪೈರೊಲೇಟ್ ಮಾತ್ರೆಯೂ ಇದೆ, ಬಾಯಿ ಒಣಗುತ್ತದೆ. ಬೆವರಿನ ನರ ಕತ್ತರಿಸುವ ಆಪರೇಷನ್ ಬಗ್ಗೆ ಯಾರಾದರೂ ಹೇಳಿದರೆ ಅವಸರ ಮಾಡಬೇಡಿ. ಕೈ ಒಣಗಿ ಬೆನ್ನು, ಹೊಟ್ಟೆ ಧಾರಾಕಾರ ಬೆವರಲು ಶುರುವಾದವರು ಬಹಳ ಜನ, ಅದನ್ನು ವಾಪಸ್ ತಿರುಗಿಸುವುದು ಕಷ್ಟ.

ಟಾಕ್ಸಿನ್ ಯಾರಿಗೆ ಬೇಡವೇ ಬೇಡ ಅನ್ನುವುದನ್ನೂ ಬರೆದುಬಿಡುತ್ತೇನೆ. ಮಯಸ್ತೇನಿಯಾದಂಥ ಸ್ನಾಯು ಸೋಲುವ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ, ಹಿಂದೆ ಇದರಿಂದ ಅಲರ್ಜಿ ಆದವರಿಗೆ ಹಾಕಬಾರದು. ಜೆಂಟಾಮೈಸಿನ್, ಅಮಿಕಾಸಿನ್ ಅನ್ನುವ ಆ್ಯಂಟಿಬಯಾಟಿಕ್ ಇಂಜೆಕ್ಷನ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಬೇಕು. ಕೆಲವು ಬ್ರ್ಯಾಂಡಿನಲ್ಲಿ ಹಸುವಿನ ಹಾಲಿನ ಅಂಶ ಇರುತ್ತದೆ, ಹಾಲಿನ ಅಲರ್ಜಿ ಇದ್ದರೆ ಹೇಳಿ.

ತಂದೆಯವರಿಗೆ 72 ಆಯಿತು ಅನ್ನುವುದೇ ಅಡ್ಡಿ ಅಲ್ಲ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚುಚ್ಚಿದಲ್ಲಿ ಸ್ವಲ್ಪ ನೀಲಿಗಟ್ಟಬಹುದು, ಆದರೆ ತಾವಾಗಿ ಮಾತ್ರೆ ನಿಲ್ಲಿಸುವುದು ಬೇಡ. ನುಂಗುವಾಗ ಕೆಮ್ಮು ಬರುತ್ತದಾ, ಸಂಜೆ ಹೊತ್ತಿಗೆ ರೆಪ್ಪೆ ಜೋಲುತ್ತದಾ ಅಂತ ಮನೆಯಲ್ಲೇ ಗಮನಿಸಿಡಿ. ಅವರ ಕಾಯಿಲೆಯನ್ನು ಯಾರೂ ಪರೀಕ್ಷೆ ಮಾಡಿ ಹೆಸರಿಸಿದ ಹಾಗೆ ಕಾಣುವುದಿಲ್ಲ. ಮೊದಲು ಅದಾಗಲಿ. ಮುಂದಿನ ಸಲ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಬಯಾಪ್ಸಿ ರಿಪೋರ್ಟು, ಇಬ್ಬರೂ ಇಷ್ಟು ವರ್ಷ ಹಚ್ಚಿದ ಟ್ಯೂಬುಗಳು, ಅರ್ಧ ಮುಗಿದವು, ಹೆಸರು ಅಳಿಸಿಹೋದವು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.